ಹನ್ನೆರಡನೆಯ ಜೊತೆ ಬೂಟು

ಅತಿಥಿಗೃಹ, ಭೂಸೇನಾ ಅಕಾಡೆಮಿ, ಕೆಂಗುಡ್ಡ
೩೧ ಸೆಪ್ಟೆಂಬರ್ ೨೨೧೪, ಶನಿವಾರ

ಇನ್ನೂರು ವರ್ಷ ಹಿಂದೆ ಕಾಲೇಜು ಕ್ರೀಡಾ ಸಮಿತಿಗಳಲ್ಲಿ ಕುರ್ಚಿ ಹಿಡಿದು ಕೂತಿರುವ ಹಿರಿಯರಿಗೆ,

ತಾರೀಖು ನೋಡಿ ಕಾಗದ ಮಡಚಿಡಬೇಡಿ. ನಿಮ್ಮ ಸೆಪ್ಟೆಂಬರಿಗೆ ಮೂವತ್ತೇ ದಿನ ಎಂಬುದು ನನಗೂ ಗೊತ್ತು. ನಮ್ಮ ಕಾಲದಲ್ಲಿ ಕಾಲೇಜು ಫುಟ್‌ಬಾಲ್ ಆಡಿ ಮುಗಿಸಲು ಶನಿವಾರಗಳು ಸಾಲದೆ ಹೋದವು. ಆಗ ಜನವರಿಯಿಂದ ಒಂದು ದಿನ ಕಿತ್ತು ಸೆಪ್ಟೆಂಬರಿನ ಬಾಲಕ್ಕೆ ಅಂಟಿಸಿದರು. ಆ ದಿನ ಯಾವ ವಾರಕ್ಕೆ ಬಿದ್ದರೂ ಶನಿವಾರವೆಂದೇ ಕರೆಯಬೇಕು ಎಂದು ಕಾಯಿದೆ. ಜನವರಿ ತಕರಾರು ಮಾಡಲಿಲ್ಲ. ಇನ್ನು ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರ ಕಾಣಬಹುದು, ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ನಿಮ್ಮ ಪದಗಳಲ್ಲೇ ಬರೆಯಲು ಯತ್ನಿಸಿದ್ದೇನೆ. ಎಲ್ಲಿ ಆಗಲಿಲ್ಲವೋ ಅಲ್ಲಿ ಪಕ್ಕದಲ್ಲೇ ಅರ್ಥ ಹೇಳಿದ್ದೇನೆ.

ಮೊದಲು ಖರ್ಚು ಹೇಳಿಬಿಡುತ್ತೇನೆ, ಆಮೇಲೆ ಕತೆ. ಈ ಇಡೀ ವ್ಯವಹಾರಕ್ಕೆ ತಗುಲಿದ್ದು ಇಷ್ಟು: ಒಂಬತ್ತು ವರ್ಷ. ಎಂಟು ತಂಡಗಳಿದ್ದ ಒಂದು ಕೂಟ, ಅಂದರೆ ನೀವು ಲೀಗ್ ಅನ್ನುವಂಥದ್ದು. ನೂರ ಹದಿನೆಂಟು ಪುಟದ ಒಂದು ಕರಾರು. ಎರಡು ಬಸ್ಸು, ಗುಜರಿಗೆ. ಮೂವತ್ತೆರಡು ಮಂಚ, ಅದರಲ್ಲಿ ಮೂವತ್ತೊಂದು ಹರಾಜಿಗೆ, ಉಳಿದ ಒಂದರ ಮೇಲೆ ನಾನು ಮಲಗುತ್ತೇನೆ. ಕೆಲಸ ಹೋದ ಅಡುಗೆಯ ಇಮಾಮಬಿ ಮತ್ತು ಅವಳ ಕೈಕೆಳಗಿನ ಇಬ್ಬರು. ಒಬ್ಬ ಸ್ನೇಹಿತ. ದುಡ್ಡಿನ ಲೆಕ್ಕ ಬೇರೆ ಇದೆ. ಅದರಲ್ಲಿ ಲಾಭವೇ ಕಾಣುತ್ತದೆ, ಏಕೆಂದರೆ ಅದನ್ನು ಬರೆದವನು ನಾನೇ.

ನನ್ನ ಹೆಸರು ಯಲಗೂರಪ್ಪ ಸುಣಗಾರ. ವಯಸ್ಸು ಎಪ್ಪತ್ತೊಂದು. ಓದಿದ್ದು ಏಳನೆಯ ತರಗತಿ, ಆಡಿದ್ದು ಬರೀ ಬಾಯಲ್ಲಿ. ಈ ಅಕಾಡೆಮಿಯ ಮೈದಾನದ ಗೇಟಿನಲ್ಲಿ ಕುದಿಸಿದ ಶೇಂಗಾ ಮಾರುತ್ತಿದ್ದೆ. ಆಮೇಲೆ ಕ್ಯಾಂಟೀನು ಗುತ್ತಿಗೆ ಹಿಡಿದೆ. ಆಮೇಲೆ ಬೇರೆ ಊರಿನಿಂದ ಆಡಲು ಬರುವ ತಂಡಗಳಿಗೆ ಊಟ, ಹಾಸಿಗೆ, ಬಿಸಿನೀರು ಒದಗಿಸುವ ಕೆಲಸ ಸಿಕ್ಕಿತು. ಯಾವ ತಂಡ ಯಾವಾಗ ಬರುತ್ತದೆ ಎಂದು ನೆನಪಿಟ್ಟುಕೊಂಡವನು ನಾನೊಬ್ಬನೇ ಆದ್ದರಿಂದ ಕೊನೆಗೆ ಪಂದ್ಯಗಳ ಪಟ್ಟಿ ಹಾಕುವ ಕಾರ್ಯದರ್ಶಿಯ ಕುರ್ಚಿಯೂ ನನ್ನ ಕೆಳಗೆ ಬಂತು. ನಾನು ಅದನ್ನು ಎಳೆದುಕೊಳ್ಳಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ.

ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ. ಕಳೆದುಹೋದ ಕಾಲಕ್ಕೆ ಕಾಗದ ತೆಗೆದುಕೊಳ್ಳುವ ಕಚೇರಿ ಅದು. ಉತ್ತರ ತರುವ ಏರ್ಪಾಡು ಅವರಲ್ಲಿಲ್ಲ, ತಲುಪಿತೋ ಇಲ್ಲವೋ ಎಂಬ ರಸೀತಿಯೂ ಇಲ್ಲ. ನಿನ್ನೆ ಲಕೋಟೆ ತರಲು ಹೋದಾಗ ಗುಮಾಸ್ತೆ ಹುಡುಗಿ ಕೇಳಿದ್ದು ಒಂದೇ ಪ್ರಶ್ನೆ: “ಕಾಕಾ, ಬಂಗಾರದ ಧಾರಣಿ ಏನೂ ಬರದಿಲ್ಲಲ್ಲ?” ಇಲ್ಲವ್ವಾ, ಬೂಟಿನ ವಿಷಯ ಎಂದೆ. ಅವಳು ಮುಖ ನೋಡಿ ಲಕೋಟೆಗೆ ಮುದ್ರೆ ಒತ್ತಿ ಕೊಟ್ಟಳು.

ಹಳೆಯ ಕೂಟದ ಹೆಸರು ಬಯಲು-ಬಂದರು ಕೂಟ. ಆರು ಕಾಲೇಜು, ಎರಡು ಅಕಾಡೆಮಿ. ನಮ್ಮದು ಕೆಂಪು ಮಣ್ಣಿನ ದಿಣ್ಣೆಯ ಮೇಲಿರುವ ಭೂಸೇನೆಯದು. ಇನ್ನೊಂದು ಘಟ್ಟದ ಕೆಳಗೆ ಹೊಸಬಂದರಿನಲ್ಲಿರುವ ನೌಕಾಸೇನೆಯದು. ಕಾಲೇಜುಗಳು ಒಳ್ಳೆಯ ಆಟಗಾರರನ್ನು ಭತ್ಯೆ ಕೊಟ್ಟು ಕರೆತರುತ್ತಿದ್ದವು. ಅಕಾಡೆಮಿಗಳಿಗೆ ಆ ದಾರಿ ಇರಲಿಲ್ಲ. ಇಲ್ಲಿ ಸೇರಬೇಕಾದರೆ ಕಣ್ಣು ಸರಿಯಿರಬೇಕು, ಪಾದ ಚಪ್ಪಟೆ ಇರಬಾರದು, ಪ್ರಮಾಣ ಮಾಡಬೇಕು. ಗೋಲು ಹೊಡೆಯಲು ಬರುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ಹಾಗಾಗಿ ಎರಡೂ ಅಕಾಡೆಮಿಗಳು ವರ್ಷವಿಡೀ ಕಾಲೇಜುಗಳ ಕೈಯಲ್ಲಿ ಸೋಲುತ್ತಿದ್ದವು. ಸೆಪ್ಟೆಂಬರಿನ ಮೂರನೆಯ ಶನಿವಾರ ಮಾತ್ರ ಪರಸ್ಪರ ಆಡುತ್ತಿದ್ದವು. ಆವತ್ತು ಎರಡರಲ್ಲಿ ಒಂದು ಗೆಲ್ಲಲೇಬೇಕಿತ್ತು. ಆ ಒಂದು ಗೆಲುವಿನ ಮೇಲೆ ಇಡೀ ವರ್ಷದ ಊಟ ಇಳಿಯುತ್ತಿತ್ತು.

ಆ ಪಂದ್ಯಕ್ಕೆ ಒಂದು ಪದ್ಧತಿ ಇತ್ತು. ಅದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಎಲ್ಲ ಅದರ ಮೇಲೇ ನಿಂತಿದೆ. ಅಕಾಡೆಮಿಯಲ್ಲಿ ಒಬ್ಬರ ಬೂಟನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಹಿಂದೆ ಯಾವಾಗಲೋ ಹಿರಿಯ ಕೆಡೆಟ್‌ಗಳು ಕಿರಿಯರಿಂದ ಬೂಟು ಒರೆಸಿಕೊಳ್ಳುತ್ತಿದ್ದರಂತೆ. ಅದಕ್ಕೇ ಈ ಕಟ್ಟುನಿಟ್ಟು. ಜನರಲ್ ಆದರೂ ಅಷ್ಟೇ, ತನ್ನ ಬೂಟು ತಾನೇ ಪಾಲಿಶ್ ಮಾಡಬೇಕು. ವರ್ಷಕ್ಕೆ ಒಂದೇ ದಿನ ಇದಕ್ಕೆ ವಿನಾಯಿತಿ. ಮೂರನೆಯ ಶನಿವಾರ ಪಂದ್ಯ ಮುಗಿದ ಮೇಲೆ, ತೊಂಬತ್ತು ನಿಮಿಷ ಯಾರನ್ನು ಬೆನ್ನು ಹತ್ತಿದ್ದರೋ ಅವರ ಬೂಟನ್ನು ಬಿಚ್ಚಿಸಿಕೊಂಡು ಹೋಗಿ ಕೆಸರು ತೆಗೆದು, ಒಣಗಿಸಿ, ಹೊಳಪು ಬರಿಸಿ, ಮರುದಿನ ಬೆಳಿಗ್ಗೆ ಅವರ ಮಂಚದ ಕೆಳಗೆ ಇಡಬೇಕು. ಗೆದ್ದವರೂ ಸೋತವರೂ ಇಬ್ಬರೂ. ಮೊದಲ ವರ್ಷದ ಪಂದ್ಯದಲ್ಲಿ ಹೊಡೆದಾಟವಾಗಿ ಕಮಾಂಡೆಂಟರು ಇದನ್ನು ಶಿಕ್ಷೆಯಾಗಿ ಕೊಟ್ಟರಂತೆ. ಎರಡನೆಯ ವರ್ಷ ಯಾರೂ ಹೊಡೆದಾಡಲಿಲ್ಲ, ಆದರೂ ಬೂಟು ಬದಲಾದವು. ಹೀಗೆ ನೂರ ಮೂವತ್ತೆಂಟು ವರ್ಷ ನಡೆಯಿತು.

ಆಟಗಾರರಲ್ಲದವರೂ ಇದರಲ್ಲಿ ಸಿಕ್ಕಿಕೊಂಡೆವು. ನೌಕಾ ಅಕಾಡೆಮಿಯ ಕಡೆಯಿಂದ ನನ್ನ ಹಾಗೇ ಊಟ-ಹಾಸಿಗೆ-ಪಟ್ಟಿ ನೋಡಿಕೊಳ್ಳುತ್ತಿದ್ದವನು ಸುಬ್ರಾಯ ಹರಿಕಂತ್ರ. ಒಂದು ಕಾಲಕ್ಕೆ ಅದೇ ತಂಡದ ಗೋಲ್‌ಕೀಪರ್. ಮಂಡಿ ಹೋದ ಮೇಲೆ ಕಚೇರಿ ಸೇರಿದವನು. ನಾನು ಈ ಕೆಲಸ ಹಿಡಿದ ಮೊದಲ ವರ್ಷ ಗಡಿಗೆರೆಯ ಪಕ್ಕ ಇಬ್ಬರೂ ಕೂಗಾಡಿಕೊಂಡು ನಿಂತಿದ್ದೆವು. ಪಂದ್ಯ ಮುಗಿಯುತ್ತಲೇ ಅವನು ನನ್ನ ಮುಂದೆ ಕೂತು, “ಬಿಚ್ಚು ಮಾರಾಯಾ, ತೊಂಬತ್ತು ನಿಮಿಷ ನಿನ್ನನ್ನೇ ಕಾದಿದ್ದೇನೆ” ಅಂದ. ನನ್ನ ಕಾಲಲ್ಲಿದ್ದದ್ದು ಹರಿದ ಕ್ಯಾನ್ವಾಸ್ ಬೂಟು. ಮರುದಿನ ಅದು ತೊಳೆದು, ಹೊಲಿದು, ಹೊಸ ಲಾಡಿಯ ಸಮೇತ ಬಂತು. ಅಂದಿನಿಂದ ಹನ್ನೊಂದು ಜೊತೆಯ ಜೊತೆಗೆ ಹನ್ನೆರಡನೆಯದೊಂದು ಸೇರಿತು. ಇಪ್ಪತ್ತಾರು ವರ್ಷ ಅವನ ಬೂಟು ನಾನು ತೊಳೆದಿದ್ದೇನೆ, ನನ್ನದನ್ನು ಅವನು. ಅವನ ಬಲಗಾಲು ಎಡಗಾಲಿಗಿಂತ ಅರ್ಧ ಬೆರಳು ಉದ್ದ. ಇದು ಅವನ ಹೆಂಡತಿಗೂ ಗೊತ್ತಿರಲಿಕ್ಕಿಲ್ಲ.

ಈಗ ಕೂಟಗಳು ಒಡೆದದ್ದು ಹೇಗೆ ಅಂತ ಹೇಳುತ್ತೇನೆ. ನಿಮ್ಮ ಕಾಲದಲ್ಲಿ ಕೂಟ ಎಂದರೆ ಒಂದು ಸೀಮೆಯ ಕಾಲೇಜುಗಳು. ಹಾಲಿಗೆ ಹೋದಷ್ಟು ದೂರ ಹೋಗಿ ಆಡಿ ಬರಬಹುದಾದವು. ದೂರದ ಕೆಲವು ದೇಶಗಳಲ್ಲಿ ಆಗಲೇ ಹಣದಾಸೆಗೆ ಕಾಲೇಜುಗಳು ಒಂದು ಕೂಟ ಬಿಟ್ಟು ಇನ್ನೊಂದಕ್ಕೆ ಹಾರುತ್ತಿದ್ದವೆಂದು ಹಳೆಯ ಕಾಗದಗಳಲ್ಲಿ ಓದಿದ್ದೇನೆ. ನಮ್ಮಲ್ಲಿ ಅದು ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಇಲ್ಲಿ ಎಲ್ಲವನ್ನೂ ಕಣ್ಣುಗಂಟೆಯಲ್ಲಿ ಅಳೆಯುತ್ತಾರೆ. ಒಬ್ಬ ಮನುಷ್ಯ ಒಂದು ಗಂಟೆ ಕಣ್ಣಿಟ್ಟು ನೋಡಿದರೆ ಒಂದು ಕಣ್ಣುಗಂಟೆ. ಯಾವ ಹೊತ್ತಿನಲ್ಲಿ ಆಡಿದರೆ ಎಷ್ಟು ಕಣ್ಣುಗಂಟೆ ಎಂದು ಲೆಕ್ಕ ಹಾಕಿ, ಕಾಲೇಜುಗಳನ್ನು ಸೀಮೆಯ ಬದಲು ಹೊತ್ತಿನ ಪ್ರಕಾರ ಹಂಚಿದರು. ಮುಂಜಾವದ ಕೂಟ, ನಡುಹಗಲ ಕೂಟ, ಇಳಿಹೊತ್ತಿನ ಕೂಟ. ನಮ್ಮ ಪಕ್ಕದ ತಾಲೂಕಿನ ಕಾಲೇಜು ಈಗ ಮುಂಜಾವದ ಕೂಟದಲ್ಲಿ ಸಮುದ್ರದಾಚೆಯ ಹದಿನೈದು ಕಾಲೇಜುಗಳ ಜೊತೆ ಇದೆ. ನಾವು ಅದಕ್ಕೆ ಕಲ್ಲೆಸೆದರೆ ತಾಗುತ್ತದೆ, ಪಂದ್ಯ ಆಡಲು ಮಾತ್ರ ಬರುವುದಿಲ್ಲ.

ಯಾರೂ ಎಲ್ಲಿಗೂ ಹೋಗುವುದೂ ಇಲ್ಲ. ಎದುರಾಳಿ ತನ್ನ ಮೈದಾನದಲ್ಲಿ ಆಡುತ್ತಾನೆ, ನಾವು ನಮ್ಮದರಲ್ಲಿ. ಅವನು ಅಲ್ಲಿ ಓಡಿದಲ್ಲೆಲ್ಲ ಇಲ್ಲಿ ಅವನ ಆಕಾರದ ಗಾಳಿ ಬಣ್ಣ ಬಳಿದುಕೊಂಡು ಓಡುತ್ತದೆ. ಇದಕ್ಕೆ ಗಾಳಿಮೈ ಎನ್ನುತ್ತಾರೆ. ಡಿಕ್ಕಿ ಹೊಡೆದರೆ ನೀವು ಬೀಳುತ್ತೀರಿ, ಅದೂ ಬೀಳುತ್ತದೆ. ಚೆಂಡು ಎರಡೂ ಕಡೆ ಒಂದೇ ರೀತಿ ಉರುಳುತ್ತದೆ, ಹೇಗೆಂದು ನನಗೆ ತಿಳಿಯದು. ಗಾಳಿಮೈಗೆ ಬೆವರಿನ ವಾಸನೆ ಇಲ್ಲ. ಬೈದರೆ ತಿರುಗಿ ಬೈಯುವುದಿಲ್ಲ. ಪಂದ್ಯ ಮುಗಿದ ಸೀಟಿಯ ಮೇಲೆ ಹನ್ನೊಂದೂ ಒಟ್ಟಿಗೆ ಆರಿಹೋಗುತ್ತವೆ. ನಮ್ಮ ಹನ್ನೊಂದು ಕೆಡೆಟ್‌ಗಳು ಕೈ ಮುಂದೆ ಚಾಚುವುದನ್ನು ಈಗ ಬಿಟ್ಟಿದ್ದಾರೆ. ಮೊದಮೊದಲು ಚಾಚುತ್ತಿದ್ದರು.

ಹಳೆಯ ಕೂಟದಿಂದ ಆರು ಕಾಲೇಜುಗಳು ನಾಲ್ಕು ವರ್ಷದಲ್ಲಿ ಒಂದೊಂದಾಗಿ ಎದ್ದುಹೋದವು. ಉಳಿದದ್ದು ಎರಡು ಅಕಾಡೆಮಿ. ಆಗ ಇಳಿಹೊತ್ತಿನ ಕೂಟದವರು ನನ್ನ ಹತ್ತಿರ ಬಂದರು. ಅವರಿಗೆ ನಮ್ಮ ಆಟ ಬೇಕಿರಲಿಲ್ಲ, ಪಂದ್ಯಕ್ಕೆ ಮುಂಚೆ ಕೆಡೆಟ್‌ಗಳು ಸಾಲಾಗಿ ನಡೆದು ಬರುವ ನೋಟ ಬೇಕಿತ್ತು. ಒಂದು ಅಕಾಡೆಮಿ ಸಾಕು, ಎರಡಾದರೆ ನೋಡುವವರಿಗೆ ಬೇಸರ ಅಂದರು. ನಾನು ನಮ್ಮದನ್ನೇ ಮಾರಿದೆ. ಸುಬ್ರಾಯ ಅವನದನ್ನು ಮಾರುವ ಮೊದಲೇ ಮಾರಿದೆ ಎಂಬ ಹೆಮ್ಮೆಯೂ ಆವತ್ತು ಇತ್ತು. ಕರಾರಿನ ಎಪ್ಪತ್ತಾರನೆಯ ಪುಟದಲ್ಲಿ ಒಂದು ಸಾಲು: ಒಂದು ಕೂಟದ ತಂಡವು ಇನ್ನೊಂದು ಕೂಟದ ತಂಡದೊಂದಿಗೆ ಒಂದೇ ಮೈದಾನದಲ್ಲಿ ನಿಲ್ಲತಕ್ಕದ್ದಲ್ಲ. ಸಹಿ ಹಾಕಬೇಕಿದ್ದ ನಮ್ಮ ಕಮಾಂಡೆಂಟರು ಅಲ್ಲಿ ತಡೆದರು. ಮೂರನೆಯ ಶನಿವಾರದ ಗತಿ ಏನು ಎಂದು ಕೇಳಿದರು. ನಾನು ಅವರ ಮುಂದೆ ಒಂದು ಪಟ್ಟಿ ಇಟ್ಟೆ. ಆ ಒಂದು ಪಂದ್ಯಕ್ಕೆ ಡೀಸೆಲ್ ಎಷ್ಟು, ಅಕ್ಕಿ ಎಷ್ಟು, ಕುರಿ ಎಷ್ಟು, ಬಿಸಿನೀರಿಗೆ ಸೌದೆ ಎಷ್ಟು, ತಪ್ಪಿಹೋಗುವ ಪಾಠ ಎಷ್ಟು ಗಂಟೆ. ಎಲ್ಲ ಸರಿಯಾದ ಅಂಕಿ. ಈಗಲೂ ಒಂದು ಸೊನ್ನೆ ತಪ್ಪಿಲ್ಲ.

ಅದರ ಪ್ರತಿಯನ್ನು ಸುಬ್ರಾಯನಿಗೂ ಕಳಿಸಿದ್ದೆ. ಕೊನೆಯ ಪಂದ್ಯಕ್ಕೆ ಬಂದಾಗ ಅವನು ಅದನ್ನು ಜೇಬಿನಿಂದ ತೆಗೆದು ಅತಿಥಿಗೃಹದ ಉದ್ದನೆಯ ಮೇಜಿನ ಮೇಲೆ ಹರಡಿದ. “ಎಲ್ಲಾ ಬರೆದೀಯಲ್ಲ ಯಲಗೂರಾ. ಬೂಟು ಎಲ್ಲಿ ಬರೆದೀ?” ಎಂದು ಕೇಳಿದ. ನಾನು ಬೆರಳಿಟ್ಟು ತೋರಿಸಿದೆ. ಇಪ್ಪತ್ತೆರಡನೆಯ ಸಾಲು: ಪಾಲಿಶ್ ಡಬ್ಬಿ, ಎರಡು. ಜೋಕು ಮಾಡುತ್ತಾನೆ ಎಂದು ಕಾದೆ. ಅವನು ಪಟ್ಟಿ ಮಡಚಿ, “ಸರಿ ಹಾಗಾದರೆ” ಅಂದ, ಅಷ್ಟೇ. ಆ ಸಂಜೆ ಪಂದ್ಯ ಮುಗಿದ ಮೇಲೆ ಅವನು ನನ್ನ ಮುಂದೆ ಕೂರಲಿಲ್ಲ. ಮರುದಿನ ಕೆಸರು ಬೂಟಿನಲ್ಲೇ ಬಸ್ಸು ಹತ್ತಿದ. ನೌಕಾ ಅಕಾಡೆಮಿ ಎರಡು ವರ್ಷ ಯಾವ ಕೂಟವೂ ಇಲ್ಲದೆ ಖಾಲಿ ಕೂತು, ಆಮೇಲೆ ಮುಂಜಾವದ ಕೂಟಕ್ಕೆ ಕಡಿಮೆ ಬೆಲೆಗೆ ಹೋಯಿತು. ನಾನು ಬರೆದ ಏಳು ಕಾಗದಕ್ಕೆ ಅವನು ಉತ್ತರ ಬರೆಯಲಿಲ್ಲ. ಇದ್ದಾನೆ ಎಂಬುದು ಮಾತ್ರ ಗೊತ್ತು. ಅವರ ಪಂದ್ಯಗಳ ಪಟ್ಟಿಯ ಕೆಳಗೆ ಈಗಲೂ ಅವನದೇ ಸಹಿ ಇರುತ್ತದೆ.

ನನ್ನ ದಿನಚರಿ ಹೇಳಿದರೆ ನಮ್ಮ ಕಾಲ ನಿಮಗೆ ಅರ್ಥವಾಗುತ್ತದೆ. ಈ ಅತಿಥಿಗೃಹವನ್ನು ನನಗೆ ಇರಲು ಕೊಟ್ಟಿದ್ದಾರೆ, ಅತಿಥಿಗಳು ಇಲ್ಲವಲ್ಲ. ಬೆಳಿಗ್ಗೆ ಎದ್ದು ನಲ್ಲಿ ತಿರುಗಿಸಿದರೆ ಮೂವತ್ತೆರಡು ಜನಕ್ಕೆ ಆಗುವಷ್ಟು ಬಿಸಿನೀರು ಬರುತ್ತದೆ, ಆ ಕೊಳವೆಯನ್ನು ಸಣ್ಣದು ಮಾಡಲು ಬರುವುದಿಲ್ಲವಂತೆ. ಉದ್ದನೆಯ ಮೇಜಿನ ಒಂದು ತುದಿಯಲ್ಲಿ ಕೂತು ರೊಟ್ಟಿ ತಿನ್ನುತ್ತೇನೆ. ಉಪ್ಪಿನ ಡಬ್ಬಿ ಇನ್ನೊಂದು ತುದಿಯಲ್ಲಿ ಇಟ್ಟಿದ್ದೇನೆ, ಎದ್ದು ಹೋಗಿ ತರುವ ನೆಪಕ್ಕೆ. ಪಂದ್ಯದ ದಿನ ಗ್ಯಾಲರಿಯಲ್ಲಿ ಹೆಚ್ಚೆಂದರೆ ಐವತ್ತು ಜನ. ಕಳೆದ ಶನಿವಾರ ನಮ್ಮನ್ನು ನೋಡಿದವರು ಮೂರು ಕೋಟಿ. ಅವರಲ್ಲಿ ಒಬ್ಬರಿಗೂ ನಾನು ಒಂದು ಲೋಟ ಚಹಾ ಕೊಡಲಿಲ್ಲ.

ಅಕಾಡೆಮಿಯ ಓದು ನಾಲ್ಕು ವರ್ಷ. ಬೂಟಿನ ಪದ್ಧತಿ ಕಂಡ ಕೊನೆಯ ಕೆಡೆಟ್ ಇಲ್ಲಿಂದ ಹೋಗಿ ಐದು ವರ್ಷವಾಯಿತು. ಈ ಜುಲೈನಲ್ಲಿ ತಂಡದ ಕ್ಯಾಪ್ಟನ್ ಕಾಶಿಬಾಯಿ ಲಮಾಣಿ ಹಳೆಯ ನಿಯಮಗಳ ಪುಸ್ತಕ ಹಿಡಿದುಕೊಂಡು ನನ್ನಲ್ಲಿಗೆ ಬಂದಳು. ಇತರರ ಬೂಟು ಮುಟ್ಟತಕ್ಕದ್ದಲ್ಲ, ಮೂರನೆಯ ಶನಿವಾರದ ಹೊರತು, ಎಂದು ಅಲ್ಲಿದೆ. “ಈ ಹೊರತು ಅನ್ನೋದು ಏನ್ರೀ ಕಾಕಾ?” ಎಂದು ಕೇಳಿದಳು. ಹೇಳಿದೆ. ಎಪ್ಪತ್ತೊಂದನೆಯ ವಯಸ್ಸಿನಲ್ಲಿ ನಾನು ಒಂದು ವಿಷಯವನ್ನು ಸಂಖ್ಯೆಯಿಲ್ಲದೆ ಹೇಳಿದ್ದು ಅದೇ ಮೊದಲಿರಬೇಕು. ಅವಳು ಕೇಳಿಸಿಕೊಂಡು, ನನ್ನ ನೂರ ಹದಿನೆಂಟು ಪುಟದ ಕರಾರು ಓದಲು ಒಯ್ದಳು. ಮೂರು ದಿನ ಬಿಟ್ಟು ಎಪ್ಪತ್ತಾರನೆಯ ಪುಟಕ್ಕೆ ಬೆರಳಿಟ್ಟುಕೊಂಡು ಬಂದಳು. “ತಂಡ ಒಂದ ಮೈದಾನದಾಗ ನಿಲ್ಲಬಾರದು ಅಂತ ಐತಿ. ಬೂಟು ನಿಲ್ಲೂದಿಲ್ಲಲ್ರೀ ಕಾಕಾ. ಪೆಟ್ಟಿಗ್ಯಾಗ ಮಲಗತಾವ.”

ಅಷ್ಟು ಬುದ್ಧಿ ನನಗೆ ಒಂಬತ್ತು ವರ್ಷ ಏಕೆ ಬರಲಿಲ್ಲ ಎಂದು ನೀವು ಕೇಳಬಹುದು. ನಾನು ಆ ಕರಾರನ್ನು ಬರೆಸಿದವನು, ಓದಿದವನಲ್ಲ. ಕಾಶಿಬಾಯಿ ಹೊಸಬಂದರಿನ ಕ್ಯಾಪ್ಟನ್‌ಗೆ ಬರೆದಳು. ಮೂರನೆಯ ಶನಿವಾರ ನಾವು ನಮ್ಮ ಮೀಸಲು ಆಟಗಾರರ ಮೇಲೆ ಇಲ್ಲಿ ಆಡುವುದು, ಅವರು ಅವರ ಮೀಸಲಿನವರ ಮೇಲೆ ಅಲ್ಲಿ, ಗಾಳಿಮೈ ಇಲ್ಲದೆ. ಮುಗಿದ ಮೇಲೆ ಕೆಸರು ಬೂಟುಗಳನ್ನು ಪೆಟ್ಟಿಗೆಗೆ ಹಾಕಿ ಅವರದು ಇಲ್ಲಿಗೆ, ನಮ್ಮದು ಅಲ್ಲಿಗೆ, ಘಟ್ಟದ ಸರಕುಬಂಡಿಯಲ್ಲಿ. ಆ ಕಡೆಯ ಕ್ಯಾಪ್ಟನ್ ಒಪ್ಪಿ ಬರೆದಳು. ಕೆಳಗೆ ಒಂದು ಸಾಲು: ನಮ್ಮ ಕಾರ್ಯದರ್ಶಿಗಳಿಗೆ ತೋರಿಸಿದ್ದೇವೆ, ಅವರು ಬೇಡ ಎನ್ನಲಿಲ್ಲ.

ಬೇಡ ಎನ್ನಲಿಲ್ಲ. ಈ ಎರಡು ಪದವನ್ನು ನಾನು ಎರಡು ತಿಂಗಳು ಜೇಬಿನಲ್ಲಿಟ್ಟುಕೊಂಡು ಓಡಾಡಿದೆ. ನಮ್ಮ ಪಂದ್ಯದ ದಿನ ಗಡಿಗೆರೆಯ ಪಕ್ಕ ತೊಂಬತ್ತು ನಿಮಿಷ ನಿಂತೆ, ಕೆಸರು ಮೆಟ್ಟಬೇಕೆಂದೇ ನಿಂತೆ. ನಮ್ಮ ಹನ್ನೊಂದು ಜೊತೆಯ ಮೇಲೆ ನನ್ನ ಕ್ಯಾನ್ವಾಸ್ ಬೂಟನ್ನೂ ಇಡಲು ಹೋದವನು ಕೊನೆಗೆ ಇಡಲಿಲ್ಲ. ಮೊದಲು ಅವನದು ಬರಲಿ ಎಂದುಕೊಂಡೆ. ವ್ಯವಹಾರದಲ್ಲಿ ಬೆಳೆದವನ ಬುದ್ಧಿ, ಮೊದಲು ಕೈ ತೋರಿಸಬಾರದು ಎಂಬುದು.

ಅವರ ಪೆಟ್ಟಿಗೆ ನಾಲ್ಕನೆಯ ದಿನ ಬಂತು. ಮುಚ್ಚಳ ತೆಗೆದಾಗ ಮೀನಿನ ವಾಸನೆ, ಉಪ್ಪಿನ ವಾಸನೆ, ಅವರ ಮೈದಾನದ ಬೂದು ಮರಳು. ಕೆಡೆಟ್‌ಗಳು ನನ್ನ ಉದ್ದನೆಯ ಮೇಜಿನ ಎರಡೂ ಕಡೆ ಕೂತರು, ಮೊದಲು ರೊಟ್ಟಿಗೆ, ಆಮೇಲೆ ಬೂಟಿಗೆ. ಒಂಬತ್ತು ವರ್ಷದಲ್ಲಿ ಮೊದಲ ಸಲ ಉಪ್ಪಿನ ಡಬ್ಬಿ ಕೈಯಿಂದ ಕೈಗೆ ದಾಟಿ ಬಂತು. ಅವರು ಬೂಟು ತಿರುಗಿಸಿ ನೋಡುತ್ತಿದ್ದ ರೀತಿ ನೀವು ನೋಡಬೇಕಿತ್ತು. ಒಬ್ಬನಿಗೆ ಸಿಕ್ಕ ಬೂಟಿನೊಳಗೆ ಹಳೆಯ ಸಾಕ್ಸ್ ತುರುಕಿತ್ತು, “ಇವನು ದೊಡ್ಡ ಸೈಜ್ ಇಸಕೊಂಡಾನ, ನನ್ನಂಗ” ಅಂದ. ಕಾಶಿಬಾಯಿ ತನಗೆ ಬಂದ ಜೊತೆಯ ಅಟ್ಟೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. “ಈಕಿ ಎಡಕ್ಕ ತಿರುಗತಾಳ್ರೀ ಕಾಕಾ, ಎಡಗಾಲ ಹೊರಗಿನ ಅಂಚು ಪೂರಾ ಸವದೈತಿ. ಎದುರಿಗಿ ಸಿಕ್ಕಾಗ ನೋಡ್ಕೋತೀನಿ.” ಎದುರಿಗೆ ಸಿಗುವ ದಾರಿಯನ್ನು ನಾನು ಎಪ್ಪತ್ತಾರನೆಯ ಪುಟದಲ್ಲಿ ಮುಚ್ಚಿದ್ದೇನೆ ಎಂದು ನಾನು ಅವಳಿಗೆ ನೆನಪು ಮಾಡಲಿಲ್ಲ.

ನಾನು ಪೆಟ್ಟಿಗೆ ಬಗ್ಗಿಸಿದೆ. ಮರಳು ಬಿತ್ತು. ಹುಲ್ಲು ಬಿತ್ತು. ತಳದ ಕಾಗದ ಎತ್ತಿ ನೋಡಿದೆ. ಹನ್ನೊಂದು ಜೊತೆ. ನಾನು ಮತ್ತೆ ಎಣಿಸಿದೆ, ಎಣಿಕೆ ತಪ್ಪುವ ಮನುಷ್ಯ ನಾನಲ್ಲ. ಹನ್ನೊಂದೇ.

ಅದಕ್ಕೇ ಈ ಕಾಗದ. ನಿಮ್ಮ ಕಚೇರಿಗೂ ಒಂದು ದಿನ ಯಾರೋ ಒಬ್ಬರು ದೊಡ್ಡ ಕೂಟದ ಕರಾರು ಹಿಡಿದುಕೊಂಡು ಬರುತ್ತಾರೆ. ಸೇರಬೇಡಿ ಎಂದು ಹೇಳುವವನು ನಾನಲ್ಲ, ಹೇಳಿದರೆ ನೀವೂ ನಗುತ್ತೀರಿ. ಮಕ್ಕಳಿಗೆ ಹೊಸ ಬೂಟು ಅಂಥ ದುಡ್ಡಿನಿಂದಲೇ ಬರುತ್ತದೆ. ನಾನು ಕೇಳಿಕೊಳ್ಳುವುದು ಇಷ್ಟೇ. ನೀವು ಪಟ್ಟಿ ಹಾಕುವಾಗ, ಯಾವ ಸಾಲಿನಲ್ಲಿ ಬರೆಯಬೇಕೆಂದು ತಿಳಿಯದ ಬಾಬ್ತು ಒಂದು ಸಿಕ್ಕೀತು. ಅದನ್ನು ಪಾಲಿಶ್ ಡಬ್ಬಿ ಎಂದು ಬರೆದು ಮುಂದೆ ಹೋಗಬೇಡಿ. ಲೇಖನಿ ಕೆಳಗಿಡಿ. ಎದುರಿನ ತಂಡದಲ್ಲಿ ನಿಮ್ಮ ಕೆಲಸವನ್ನೇ ಮಾಡುವವರು ಯಾರಿದ್ದಾರೋ ಅವರನ್ನು ಕರೆದು, ಈ ಸಾಲಿಗೆ ಏನು ಬರೆಯೋಣ ಎಂದು ಕೇಳಿ. ಅವರು ಮಾತು ಬಿಡುವುದಕ್ಕೆ ಮುಂಚೆ ಕೇಳಿ.

ಈ ಬೆಳಿಗ್ಗೆ ಅವರ ಬೂಟುಗಳು ಹೊಳಪಾಗಿ ವಾಪಸ್ಸು ಹೊರಟವು. ಮುಚ್ಚಳ ಮುಚ್ಚುವ ಮೊದಲು ನಾನು ನನ್ನ ಕ್ಯಾನ್ವಾಸ್ ಬೂಟನ್ನು ಮೇಲೆ ಇಟ್ಟೆ, ಕೆಂಪು ಕೆಸರಿನ ಸಮೇತ, ಚೀಟಿ ಇಲ್ಲದೆ. ಕಾಶಿಬಾಯಿ ನೋಡಿ ಮುಚ್ಚಳ ಹಾಕಿದಳು. ಹಿಂದಂಚೆ ಕಚೇರಿಗೆ ಚಪ್ಪಲಿಯಲ್ಲಿ ನಡೆದು ಹೋಗುತ್ತೇನೆ.

ಯಾರಿಗೆ ಏನು ಬಂತು, ಇಲ್ಲಿಗೆ ಲೆಕ್ಕ:

ಇಳಿಹೊತ್ತಿನ ಕೂಟಕ್ಕೆ, ವರ್ಷಕ್ಕೆ ಮೂವತ್ತು ಕೋಟಿ ಕಣ್ಣುಗಂಟೆ.
ಅಕಾಡೆಮಿಗೆ, ಹೊಸ ಗ್ಯಾಲರಿ, ನಾಲ್ಕು ಸಾವಿರ ಆಸನ.
ಗುಜರಿಯವನಿಗೆ, ಎರಡು ಬಸ್ಸು.
ಕಾಶಿಬಾಯಿ ಲಮಾಣಿಗೆ, ಎಡಕ್ಕೆ ತಿರುಗುವ ಒಬ್ಬಳು ಎದುರಾಳಿ.
ಹೊಸಬಂದರಿಗೆ, ಹನ್ನೊಂದು ಜೊತೆ, ಹೊಳಪು ಸಮೇತ. ತಲುಪಿದ ರಸೀತಿ ಬರಬೇಕು.
ಸುಬ್ರಾಯ ಹರಿಕಂತ್ರನಿಗೆ, ಒಂದು ಜೊತೆ ಕ್ಯಾನ್ವಾಸ್, ಎಂಟನೆಯ ಸೈಜು.
ಯಲಗೂರಪ್ಪ ಸುಣಗಾರನಿಗೆ, ಇನ್ನೂ ಬಂದಿಲ್ಲ.